ವಾಲ್ವ್ ಬದಲಾಯಿಸಿದರೂ ಹಾಡದ ರೇಡಿಯೊ: ಹನುಮಂತನಗರದ ಒಂದು ಪ್ರಕರಣ

ಬೆಂಗಳೂರಿನ ಹನುಮಂತನಗರದ ಮನೆಯೊಂದರಿಂದ ದುರಸ್ತಿಗೆ ಬಂದ ಈ ಸೆಟ್ಟು 1960ರ ದಶಕದ ಮೊದಲ ಭಾಗದ್ದು. ಮರದ ಪೆಟ್ಟಿಗೆ, ಐದು ವಾಲ್ವ್ (ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ನಳಿಕೆಗಳು), ಜೊತೆಗೆ ಸ್ಟೇಷನ್ ಸರಿಯಾಗಿ ಸಿಕ್ಕಿದೆಯೇ ಎಂದು ತೋರಿಸುವ ಒಂದು ಹಸಿರು ಕಣ್ಣು. ಒಂದು ಮೀಡಿಯಂ ವೇವ್ ಬ್ಯಾಂಡ್, ಎರಡು ಶಾರ್ಟ್‌ವೇವ್ ಬ್ಯಾಂಡ್. ಮೊದಲನೆಯ ಶಾರ್ಟ್‌ವೇವ್ ಸುಮಾರು 2.3ರಿಂದ 7 ಮೆಗಾಹರ್ಟ್ಸ್‌ವರೆಗೆ, ಎರಡನೆಯದು 7ರಿಂದ 22ರವರೆಗೆ. ವಾಲ್ವ್‌ಗಳ ಸಾಲು ಆ ಕಾಲದ ಸೆಟ್ಟುಗಳನ್ನು ಬಲ್ಲವರಿಗೆಲ್ಲ ಬಾಯಿಪಾಠ: ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80. ಕಣ್ಣು ಇಎಂ 80. ಇಸಿಎಚ್ 81ರ ಗಾಜಿನ ಮೇಲೆ ಬಿಇಎಲ್ ಮುದ್ರೆ ಇನ್ನೂ ಅಳಿಸಿರಲಿಲ್ಲ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಇದೇ ಊರಿನಲ್ಲಿ ಹುಟ್ಟಿದ ವಾಲ್ವ್ ಇದೇ ಊರಿನಲ್ಲಿ ಇನ್ನೂ ಜೀವಂತವಾಗಿರುವುದನ್ನು ಕಂಡಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಸೆಟ್ಟಿನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಇಲ್ಲಿ ಅವರನ್ನು ರಾಯರು ಎಂದಷ್ಟೇ ಕರೆಯುತ್ತೇನೆ. ರೇಡಿಯೊ ಅವರ ತಂದೆ ಕೊಂಡದ್ದು. ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ನವೀಕರಿಸಬೇಕಾಗಿದ್ದ ರೇಡಿಯೊ ಲೈಸೆನ್ಸಿನ ಪುಸ್ತಕವನ್ನೂ ಮನೆಯವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ರಾಯರ ದೂರು ಹೀಗಿತ್ತು: ಮೆಕ್ಯಾನಿಕ್ ಬಂದು ಔಟ್‌ಪುಟ್ ವಾಲ್ವ್ ಬದಲಾಯಿಸಿ ಹೋದರೆ ಕೆಲವು ತಿಂಗಳು ಚೆನ್ನಾಗಿ ಹಾಡುತ್ತದೆ, ಆಮೇಲೆ ಧ್ವನಿ ಒಡೆಯುತ್ತದೆ, ಕೊನೆಗೆ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯುತ್ತದೆ. ಮತ್ತೆ ಹೊಸ ವಾಲ್ವ್. ಇದು ಹಲವು ಸಲ ನಡೆದಿದೆ. ಜೊತೆಗೆ, ಎರಡನೆಯ ಶಾರ್ಟ್‌ವೇವ್ ಬ್ಯಾಂಡಿನ ಕೆಳತುದಿ ಪೂರ್ತಿ ಮೂಕವಾಗಿದೆ, ನಡುವೆ ಒಂದೇ ಸ್ಟೇಷನ್ ಎರಡೆರಡು ಕಡೆ ಸಣ್ಣಗೆ ಕೇಳುತ್ತದೆ.

"ನಮ್ಮಪ್ಪ ಬೆಳಗಿನ ಜಾವ ಎದ್ದು ಇದರಲ್ಲೇ ಆಸ್ಟ್ರೇಲಿಯಾದ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ಅಷ್ಟು ದೂರದ್ದು ಬರುತ್ತಿದ್ದ ಸೆಟ್ಟು ಈಗ ಹೀಗಾಗಿದೆ ನೋಡಿ" ಎಂದರು.

ಹಳೆಯ ವಾಲ್ವ್ ರೇಡಿಯೊಗಳು ವಯಸ್ಸಾಗಿ ಸಾಯುವುದಕ್ಕಿಂತ, ಅಳತೆ ಮಾಡದೆ ಬಿಡಿಭಾಗ ಬದಲಾಯಿಸುವ ಕೈಗಳಿಂದ ಸಾಯುವುದೇ ಹೆಚ್ಚು ಎಂದು ನಾನು ಬಲವಾಗಿ ನಂಬಿದ್ದೇನೆ. ಈ ಸೆಟ್ಟಿನಲ್ಲಿ ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಒಂದೇ ಕಡೆ ಸಿಕ್ಕಿತು. ಆದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಪ್ಲಗ್ ಹಾಕುವ ಮೊದಲು

"ಒಮ್ಮೆ ಹಾಕಿ ತೋರಿಸಲೇ?" ಎಂದು ರಾಯರು ಕೇಳಿದರು. "ಬೇಡ ರಾಯರೇ, ಒಳಗೆ ನೋಡದೆ ಕರೆಂಟ್ ಕೊಡುವುದು ಬೇಡ" ಎಂದೆ. ವರ್ಷಗಟ್ಟಲೆ ಸುಮ್ಮನೆ ಕೂತ ವಾಲ್ವ್ ಸೆಟ್ಟಿಗೆ ನೇರವಾಗಿ ಕರೆಂಟ್ ಕೊಟ್ಟರೆ ಹೋಗುವುದು ಫ್ಯೂಸ್ ಅಲ್ಲ, ಮೇನ್ಸ್ ಟ್ರಾನ್ಸ್‌ಫಾರ್ಮರ್ ಅಥವಾ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಕಂಡೆನ್ಸರ್ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಮತ್ತೆ ತಂತಿ ಸುತ್ತಿಸಬೇಕು, ಸುತ್ತುವವರನ್ನು ಹುಡುಕಬೇಕು.

ಹಿಂಬದಿಯ ಹಲಗೆ ತೆಗೆದಾಗ ಕಂಡದ್ದು ದೂಳು, ಸ್ಪೀಕರಿನ ಬೆನ್ನಿಗೆ ಅಂಟಿದ ಕುಂಬಾರ ಹುಳುವಿನ ಮಣ್ಣಿನ ಗೂಡು, ಮುಟ್ಟಿದರೆ ಉದುರುವ ರಬ್ಬರಿನ ಮೇನ್ಸ್ ವೈರು. ಮೃದುವಾದ ಬ್ರಷ್ ಹಿಡಿದು ದೂಳು ತೆಗೆದೆ. ಡಯಲ್ ಗಾಜಿನ ಒಳಮೈಯನ್ನು ಮಾತ್ರ ಮುಟ್ಟಲಿಲ್ಲ. ಊರುಗಳ ಹೆಸರು, ಮೀಟರ್ ಗುರುತುಗಳೆಲ್ಲ ಅಚ್ಚಾಗಿರುವುದು ಆ ಒಳಮೈಯಲ್ಲೇ. ಒದ್ದೆ ಬಟ್ಟೆ ಒಮ್ಮೆ ಆಡಿತೆಂದರೆ ಕೊಲಂಬೊ, ದೆಹಲಿ ಎಲ್ಲವೂ ಬಟ್ಟೆಗೆ ಬಂದುಬಿಡುತ್ತವೆ. ಹಾಗೆ ಬೋಳಾದ ಡಯಲ್‌ಗಳನ್ನು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕರೆಂಟ್ ಇಲ್ಲದೆಯೇ ಮಾಡಬಹುದಾದ ಅಳತೆಗಳು ಬಹಳ ಇವೆ. ಮೇನ್ಸ್ ಟ್ರಾನ್ಸ್‌ಫಾರ್ಮರಿನ ಎಚ್.ಟಿ. (ಹೆಚ್ಚು ವೋಲ್ಟೇಜಿನ) ಸುರುಳಿಯ ಎರಡು ಅರ್ಧಗಳು 190 ಮತ್ತು 205 ಓಮ್ ತೋರಿಸಿದವು. ಹೊರಗಿನ ಸುತ್ತುಗಳ ತಂತಿ ಉದ್ದವಾದ್ದರಿಂದ ಇಷ್ಟು ವ್ಯತ್ಯಾಸ ಸಹಜ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ 460 ಓಮ್. ಅದು ಕಡಿದಿರಲಿಲ್ಲ ಎಂದು ಗೊತ್ತಾದಾಗಲೇ ಈ ಸೆಟ್ಟು ಉಳಿಯುತ್ತದೆ ಎಂಬ ಧೈರ್ಯ ಬಂತು. ಮೇನ್ಸಿನ ಒಂದು ತಂತಿಯಿಂದ ಚಾಸಿಸ್‌ಗೆ ಕಟ್ಟಿದ್ದ ಮೇಣದ ಕಾಗದದ ಕಂಡೆನ್ಸರನ್ನು ಅಳೆಯದೆಯೇ ಕಿತ್ತು ಹಾಕಿದೆ. ಅದು ಶಾರ್ಟ್ ಆದರೆ ಚಾಸಿಸ್‌ಗೆ ನೇರ ಮೇನ್ಸ್ ಬರುತ್ತದೆ. ಆ ಜಾಗಕ್ಕೆ ವೈ2 ದರ್ಜೆಯ ಸುರಕ್ಷತಾ ಕಂಡೆನ್ಸರ್, ಹಳೆಯ ವೈರಿನ ಜಾಗಕ್ಕೆ ಅರ್ತ್ ಇರುವ ಮೂರು ಎಳೆಯ ವೈರು, ನಡುವೆ ಒಂದು ಫ್ಯೂಸ್ ಹಾಕಿದೆ.

ಈ ಸೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದದ್ದರಿಂದ ಅರ್ತ್ ಕೊಡಲು ಸಾಧ್ಯವಾಯಿತು. ಯುಸಿಎಚ್ 81, ಯುಎಲ್ 84, ಯುವೈ 85 ಎಂದು 'ಯು' ಅಕ್ಷರದ ವಾಲ್ವ್‌ಗಳಿರುವ ಎಸಿ-ಡಿಸಿ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾಸಿಸ್ಸೇ ಮೇನ್ಸಿನ ಒಂದು ತಂತಿ. ಪ್ಲಗ್ ತಿರುಗಿಸಿ ಹಾಕಿದರೆ ಅದೇ ಫೇಸ್. ಅಂತಹ ಸೆಟ್ಟನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬಾರದು, ಅದರ ಚಾಸಿಸ್‌ಗೆ ಅರ್ತ್ ಕೊಡಲೂಬಾರದು. ಅಜ್ಜನ ರೇಡಿಯೊ ಸಿಕ್ಕಿತೆಂದು ಉತ್ಸಾಹದಿಂದ ಬಿಚ್ಚುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

ಔಟ್‌ಪುಟ್ ವಾಲ್ವನ್ನು ಕೊಲ್ಲುತ್ತಿದ್ದದ್ದು

ಔಟ್‌ಪುಟ್ ವಾಲ್ವಾದ ಇಎಲ್ 84 ಪದೇ ಪದೇ ಹೋಗುತ್ತಿತ್ತಲ್ಲ, ವಾಲ್ವ್ ಕಳಪೆಯದಿರಬಹುದು ಎಂದು ಮನೆಯವರು ತಿಳಿದಿದ್ದರು. ತಪ್ಪು ವಾಲ್ವಿನದಲ್ಲ. ಹಿಂದಿನ ಹಂತದ ಇಬಿಸಿ 81ರ ಆನೋಡಿನಿಂದ (ವಾಲ್ವಿನೊಳಗಿನ ಧನ ತಟ್ಟೆ) ಇಎಲ್ 84ರ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಧ್ವನಿಯನ್ನು ದಾಟಿಸುವ ಒಂದು ಸಣ್ಣ ಕಂಡೆನ್ಸರ್ ಇದೆ, 0.01 ಮೈಕ್ರೊಫ್ಯಾರಡ್‌ನದು. ಧ್ವನಿಯನ್ನು ಬಿಡಬೇಕು, ಡಿಸಿ ವೋಲ್ಟೇಜನ್ನು ತಡೆಯಬೇಕು, ಅದರ ಕೆಲಸ ಇಷ್ಟೇ. ಆ ಕಾಲದವು ಮೇಣದಲ್ಲಿ ಅದ್ದಿದ ಕಾಗದದ ಕಂಡೆನ್ಸರುಗಳು. ಅರವತ್ತು ಮಳೆಗಾಲಗಳ ತೇವ ಕುಡಿದ ಕಾಗದ ಡಿಸಿಯನ್ನು ಪೂರ್ತಿ ತಡೆಯುವುದಿಲ್ಲ, ತುಸು ಸೋರುತ್ತದೆ.

ಎಷ್ಟು ಸೋರುತ್ತದೆ ಎಂದು ತಿಳಿಯಲು ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆ ಸಾಲದು. ಮೀಟರ್ ಕೊಡುವುದು ಒಂದೆರಡು ವೋಲ್ಟ್ ಮಾತ್ರ, ಅಷ್ಟಕ್ಕೆ ಕಂಡೆನ್ಸರ್ ಸಭ್ಯವಾಗಿಯೇ ಇರುತ್ತದೆ. ನಾನು ಅದರ ಒಂದು ಕಾಲನ್ನು ಬಿಡಿಸಿ, ಮೇಜಿನ ಮೇಲಿನ ಸಪ್ಲೈನಿಂದ 100 ವೋಲ್ಟ್ ಡಿಸಿ ಕೊಟ್ಟು, ಇನ್ನೊಂದು ತುದಿಗೆ ಡಿಜಿಟಲ್ ಮೀಟರನ್ನು ವೋಲ್ಟ್ ಅಳತೆಯಲ್ಲಿಟ್ಟು ಜೋಡಿಸಿದೆ. ಮೀಟರಿನ ಒಳಗಿನ ರೋಧ 10 ಮೆಗಾಓಮ್. ಕಂಡೆನ್ಸರ್ ಸರಿಯಿದ್ದರೆ ಮೀಟರಿನ ಅಂಕಿ ಕ್ಷಣ ಮಾತ್ರ ಏರಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಲ್ಲಿ ಅದು 40 ವೋಲ್ಟಿನಲ್ಲಿ ನಿಂತುಬಿಟ್ಟಿತು. ಅಂದರೆ ಕಂಡೆನ್ಸರಿನ ಸೋರು ರೋಧ 15 ಮೆಗಾಓಮ್.

15 ಮೆಗಾಓಮ್ ಎಂದರೆ ಬಹಳ ದೊಡ್ಡದಲ್ಲವೇ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಇಬಿಸಿ 81ರ ಆನೋಡಿನಲ್ಲಿ ಸುಮಾರು 95 ವೋಲ್ಟ್. ಇಎಲ್ 84ರ ಗ್ರಿಡ್ಡಿನಿಂದ ಚಾಸಿಸ್‌ಗೆ ಇರುವ ರೆಸಿಸ್ಟರ್ 0.68 ಮೆಗಾಓಮ್. ಹಾಗಾದರೆ ಸೊನ್ನೆ ಇರಬೇಕಾದ ಗ್ರಿಡ್ಡಿನ ಮೇಲೆ 4 ವೋಲ್ಟಿಗಿಂತ ತುಸು ಹೆಚ್ಚು ಧನ ವೋಲ್ಟೇಜ್ ಕೂರುತ್ತದೆ. ಈ ವಾಲ್ವಿಗೆ ಬೇಕಾದ ಬಯಾಸ್, ಅಂದರೆ ಗ್ರಿಡ್ಡು ಕ್ಯಾಥೋಡಿಗಿಂತ ಋಣವಾಗಿರಬೇಕಾದ ಪ್ರಮಾಣ, ಒಟ್ಟು 7.3 ವೋಲ್ಟ್. 250 ವೋಲ್ಟಿನಲ್ಲಿ 48 ಮಿಲಿಆಂಪ್ ಹರಿದರೆ ಆನೋಡ್ 12 ವ್ಯಾಟ್ ಶಾಖವನ್ನು ಹೊರಹಾಕಬೇಕು. ಅದರ ಮಿತಿಯೂ ಅದೇ 12 ವ್ಯಾಟ್. ಸರಿಯಾಗಿ ಕೆಲಸ ಮಾಡುವಾಗಲೇ ಈ ವಾಲ್ವ್ ಮಿತಿಯ ಅಂಚಿನಲ್ಲಿ ನಿಂತಿರುತ್ತದೆ. ಗ್ರಿಡ್ಡು ಧನ ದಿಕ್ಕಿಗೆ ಸರಿದ ಕೂಡಲೇ ಕರೆಂಟ್ ಏರುತ್ತದೆ, ವಾಲ್ವ್ ಕಾಯುತ್ತದೆ. ಸೆಟ್ಟಿನ ಒಳಗೆ ಬಿಸಿ ಹೆಚ್ಚಾದಂತೆ ಕಂಡೆನ್ಸರಿನ ಸೋರಿಕೆಯೂ ಹೆಚ್ಚುತ್ತದೆ, ವಾಲ್ವ್ ಇನ್ನಷ್ಟು ಕಾಯುತ್ತದೆ. ಕೆಲವು ತಿಂಗಳು ಹಾಡಿ ಧ್ವನಿ ಒಡೆಯುತ್ತಿದ್ದದ್ದಕ್ಕೆ ಕಾರಣ ಇದೇ. ಕೆಲವೇ ರೂಪಾಯಿಯ ಕಂಡೆನ್ಸರನ್ನು ಹಾಗೇ ಬಿಟ್ಟು, ಹಳೆಯ ದಾಸ್ತಾನಿನ ವಾಲ್ವ್‌ಗಳನ್ನು ಒಂದಾದ ಮೇಲೊಂದು ಬಲಿ ಕೊಟ್ಟಿದ್ದರು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆ ಮೆಕ್ಯಾನಿಕ್‌ಗಳ ಕೈ ಇನ್ನೊಂದು ಕಡೆಯೂ ಆಡಿತ್ತು. ಗುಂಯ್ ಸದ್ದು ಕಡಿಮೆಯಾಗಲೆಂದು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನ ಮುಂದೆ 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಹಾಕಿದ್ದರು. ಇಝಡ್ 80 ಸಹಿಸುವುದು ಹೆಚ್ಚೆಂದರೆ 50. ಕಂಡೆನ್ಸರ್ ದೊಡ್ಡದಾದಷ್ಟೂ ಅದನ್ನು ತುಂಬಲು ಪ್ರತಿ ಅಲೆಯ ತುದಿಯಲ್ಲಿ ರೆಕ್ಟಿಫೈಯರ್ ಎಳೆಯಬೇಕಾದ ಕರೆಂಟ್ ಹೆಚ್ಚು. ಕ್ಯಾಥೋಡಿನ ಲೇಪ ಅದನ್ನು ತಾಳದೆ ಸವೆಯುತ್ತದೆ. ಸಿಲಿಕಾನ್ ಡಯೋಡಿನ ಅಭ್ಯಾಸವನ್ನು ವಾಲ್ವಿನ ಮೇಲೆ ಹೇರಿದರೆ ಆಗುವುದು ಹೀಗೆ. ಮೂಲದ ಅಲ್ಯೂಮಿನಿಯಂ ಡಬ್ಬಿಯನ್ನು ನೋಟಕ್ಕೆಂದು ಚಾಸಿಸ್ ಮೇಲೆಯೇ ಉಳಿಸಿ, ಅದರ ತಂತಿಗಳನ್ನು ಬಿಡಿಸಿ, ಕೆಳಗಡೆ 47 ಮೈಕ್ರೊಫ್ಯಾರಡ್, 450 ವೋಲ್ಟಿನ ಎರಡು ಹೊಸ ಕಂಡೆನ್ಸರ್ ಕೂರಿಸಿದೆ. ರೆಕ್ಟಿಫೈಯರ್ ಸೋತಿತ್ತು, ಬದಲಾಯಿಸಲೇಬೇಕಾಯಿತು.

ಕಾರ್ಬನ್ ರೆಸಿಸ್ಟರುಗಳು ವಯಸ್ಸಾದಂತೆ ಮೇಲಕ್ಕೆ ಸರಿಯುತ್ತವೆ. ಇಬಿಸಿ 81ರ ಆನೋಡಿನ 220 ಕಿಲೋಓಮ್ ಈಗ 330 ಆಗಿತ್ತು. ಶೇಕಡಾ ಇಪ್ಪತ್ತಕ್ಕಿಂತ ಹೆಚ್ಚು ಸರಿದವನ್ನು ಮಾತ್ರ ಬದಲಾಯಿಸಿದೆ. ಮೇಣದ ಕಾಗದದ ಕಂಡೆನ್ಸರುಗಳೆಲ್ಲ ಹೋದವು, ಅವುಗಳ ಜಾಗಕ್ಕೆ 630 ವೋಲ್ಟಿನ ಪಾಲಿಪ್ರೊಪಿಲೀನ್ ಬಂದವು. ಮೈಕಾ ಮತ್ತು ಸಿರಾಮಿಕ್ ಕಂಡೆನ್ಸರುಗಳನ್ನು ಮುಟ್ಟಲಿಲ್ಲ. ಅವು ಶ್ರುತಿಯ ಸರ್ಕ್ಯೂಟುಗಳಲ್ಲಿ ಕೂತಿರುತ್ತವೆ, ಬದಲಾಯಿಸಿದರೆ ಡಯಲ್ಲೇ ಜಾಗ ಬಿಟ್ಟು ಓಡುತ್ತದೆ.

ಆಮೇಲೆ ಸೀರೀಸ್ ಬೋರ್ಡ್. 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೆಟ್ಟಿನ ಸಾಲಿನಲ್ಲಿ ಸೇರಿಸಿ ಸ್ವಿಚ್ ಹಾಕಿದೆ. ಬಲ್ಬ್ ಒಮ್ಮೆ ಬೆಳಗಿ ನಿಧಾನವಾಗಿ ಮಂಕಾಯಿತು. ಒಳಗೆ ಶಾರ್ಟ್ ಇದ್ದಿದ್ದರೆ ಅದು ಪೂರ್ತಿ ಬೆಳಕಿನಲ್ಲೇ ನಿಲ್ಲುತ್ತಿತ್ತು. ಬಲ್ಬ್ ತೆಗೆದು ನೇರ ಮೇನ್ಸ್ ಕೊಟ್ಟಾಗ ಇನ್ನೊಂದು ವಿಷಯ ಕಂಡಿತು. ಸೆಟ್ಟಿನ ಹಿಂದಿನ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿತ್ತು, ಆ ಹೊತ್ತಿನಲ್ಲಿ ಗೋಡೆಯಲ್ಲಿ 238 ವೋಲ್ಟ್. ಹೀಟರುಗಳಿಗೆ 6.3ರ ಬದಲು 6.8 ಹೋಗುತ್ತಿತ್ತು. 245ಕ್ಕೆ ಬದಲಾಯಿಸಿದ ಮೇಲೆ 6.1. ವಾಲ್ವ್‌ಗಳು ಬಹುಕಾಲ ಬಾಳಲು ಇಷ್ಟು ಮಾಡಿದರೆ ದೊಡ್ಡ ಉಪಕಾರ. ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.

ಇಎಲ್ 84ರ ಕ್ಯಾಥೋಡಿನ 135 ಓಮ್ ರೆಸಿಸ್ಟರಿನ ಮೇಲೆ 6.8 ವೋಲ್ಟ್, ಅಂದರೆ ಸುಮಾರು 50 ಮಿಲಿಆಂಪ್. ಸೆಟ್ಟು ಚೆನ್ನಾಗಿ ಕಾದ ಮೇಲೆಯೂ ಅದು ಏರಲಿಲ್ಲ. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್‌ಗೆ ತಿರುಗಿಸಿದಾಗ ಬೆಂಗಳೂರು ಆಕಾಶವಾಣಿ ತುಂಬು ಕಂಠದಲ್ಲಿ ಬಂತು, ಹಸಿರು ಕಣ್ಣಿನ ನೆರಳು ಕಿರಿದಾಯಿತು.

ಎರಡೆರಡು ಕಡೆ ಕೇಳುವ ಸ್ಟೇಷನ್

ಶಾರ್ಟ್‌ವೇವ್‌ನ ಸಮಸ್ಯೆ ಎರಡು ಪದರದ್ದು. ಮೊದಲನೆಯದು ಕೆಳತುದಿಯ ಮೌನ. 8 ಮೆಗಾಹರ್ಟ್ಸ್‌ಗಿಂತ ಕೆಳಗೆ ಏನೂ ಇಲ್ಲ. ಇಸಿಎಚ್ 81ರ ಆಸಿಲೇಟರ್ (ಸೆಟ್ಟಿನ ಒಳಗೇ ತರಂಗ ಹುಟ್ಟಿಸುವ ಭಾಗ) ನಡೆಯುತ್ತಿದೆಯೇ ಎಂದು ತಿಳಿಯಲು ಅದರ ಗ್ರಿಡ್ಡಿನ ಋಣ ವೋಲ್ಟೇಜನ್ನು ಅಳೆಯಬೇಕು. ಮೀಟರಿನ ತಂತಿಯೇ ಶ್ರುತಿ ಕೆಡಿಸದಂತೆ ಪ್ರೋಬಿನ ತುದಿಗೆ 100 ಕಿಲೋಓಮ್ ರೆಸಿಸ್ಟರ್ ಬೆಸೆದು ಅಳೆದೆ. ಮೇಲ್ತುದಿಯಲ್ಲಿ ಋಣ 8 ವೋಲ್ಟ್ ಇದ್ದದ್ದು ಡಯಲ್ ಮುಳ್ಳು ಕೆಳಗೆ ಬಂದಂತೆ ಇಳಿದು, 8 ಮೆಗಾಹರ್ಟ್ಸ್ ಹತ್ತಿರ ಒಂದೂವರೆಗೆ ಬಂದು, ಆಮೇಲೆ ಇಲ್ಲವಾಯಿತು. ಗ್ಯಾಂಗ್ (ಸ್ಟೇಷನ್ ಹುಡುಕುವ ಗುಂಡಿಯ ಜೊತೆ ತಿರುಗುವ ಕಂಡೆನ್ಸರ್) ಪೂರ್ತಿ ಮುಚ್ಚಿದಾಗ ಆಸಿಲೇಟರಿಗೆ ಕಷ್ಟ ಹೆಚ್ಚು, ಶಕ್ತಿ ಸಾಲದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಶಕ್ತಿ ಏಕೆ ಸಾಲುತ್ತಿಲ್ಲ ಎಂದು ಹುಡುಕಿದರೆ ಆಸಿಲೇಟರ್ ಆನೋಡಿಗೆ ವೋಲ್ಟೇಜ್ ಕೊಡುವ 33 ಕಿಲೋಓಮ್ ರೆಸಿಸ್ಟರ್ 60ರವರೆಗೆ ಸರಿದಿತ್ತು. ಜೊತೆಗೆ ಬ್ಯಾಂಡ್ ಸ್ವಿಚ್ಚಿನ ಬೆಳ್ಳಿ ತುದಿಗಳು ಕಪ್ಪಾಗಿದ್ದವು. ಶಾರ್ಟ್‌ವೇವ್ ಕಾಯಿಲುಗಳಲ್ಲಿ ಸುತ್ತು ಕೆಲವೇ, ಸ್ವಿಚ್ಚಿನ ಒಂದು ಓಮ್ ರೋಧವೂ ಅಲ್ಲಿ ದೊಡ್ಡದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ತುದಿಗಳ ನಡುವೆ ಎಳೆದು ಒರೆಸಿದೆ. ಎಣ್ಣೆಯ ಸ್ಪ್ರೇ ಹೊಡೆಯುವ ರೂಢಿ ಹಲವರಲ್ಲಿದೆ. ಎಣ್ಣೆ ಸ್ವಿಚ್ಚಿನ ಫೈಬರ್ ಹಲಗೆಯೊಳಗೆ ಇಳಿದು ದೂಳು ಹಿಡಿದು ಸೋರಿಕೆ ಶುರುವಾದರೆ ಅದಕ್ಕೆ ಔಷಧವಿಲ್ಲ. ಇಷ್ಟಾದ ಮೇಲೆ ಆಸಿಲೇಟರ್ ಬ್ಯಾಂಡಿನ ಉದ್ದಕ್ಕೂ ನಡೆಯಿತು.

ಎರಡನೆಯ ಪದರ ನನಗೆ ಬಹಳ ಇಷ್ಟವಾದ ಭಾಗ. ಸೆಟ್ಟು ಈಗ ಎಲ್ಲ ಕಡೆ ಕೇಳುತ್ತಿತ್ತು, ಆದರೆ ವಿಚಿತ್ರವಾಗಿ. ಸಿಗ್ನಲ್ ಜನರೇಟರಿನಿಂದ 18 ಮೆಗಾಹರ್ಟ್ಸ್ ಕೊಟ್ಟರೆ ಡಯಲ್ಲಿನ 18ರಲ್ಲೇ ಜೋರಾಗಿ ಬರುತ್ತಿತ್ತು. 14ರ ಸುತ್ತ ಒಂದೇ ಸಿಗ್ನಲ್ ಎರಡು ಕಡೆ, ಎರಡೂ ಕಡೆ ದುರ್ಬಲ. 10ರ ಹತ್ತಿರ ಮತ್ತೆ ಸುಮಾರಾಗಿ ಸರಿ, ಆದರೆ ಡಯಲ್ಲಿನಲ್ಲಿ ತುಸು ಬಲಕ್ಕೆ ಸರಿದು. ಮೇಲೆ ಸರಿ, ಕೆಳಗೆ ಹೆಚ್ಚುಕಡಿಮೆ ಸರಿ, ನಡುವೆ ಹಾಳು. ಸೋತ ವಾಲ್ವಿನಿಂದ ಹೀಗಾಗುವುದಿಲ್ಲ.

ಇಂತಹ ಸೆಟ್ಟುಗಳಲ್ಲಿ ಆಸಿಲೇಟರ್ ಬರುವ ಸಿಗ್ನಲ್ಲಿಗಿಂತ 455 ಕಿಲೋಹರ್ಟ್ಸ್ ಮೇಲೆ ನಡೆಯಬೇಕು. ಎರಡರ ವ್ಯತ್ಯಾಸವಾದ 455 ಮುಂದಿನ ಐ.ಎಫ್. (ಮಧ್ಯಂತರ ಆವರ್ತನದ) ಹಂತಕ್ಕೆ ಹೋಗುತ್ತದೆ. ಆದರೆ ಆಸಿಲೇಟರ್ 455 ಕೆಳಗೆ ನಡೆದರೂ ವ್ಯತ್ಯಾಸ ಅದೇ ತಾನೇ? ಟ್ರಿಮ್ಮರ್ (ಸ್ಕ್ರೂ ತಿರುಗಿಸಿ ಶ್ರುತಿ ಹೊಂದಿಸುವ ಸಣ್ಣ ಕಂಡೆನ್ಸರ್) ತಿರುಗಿಸುವಾಗ ಸಿಗ್ನಲ್ ಎರಡು ಜಾಗದಲ್ಲಿ ಜೋರಾಗುವುದು ಈ ಕಾರಣಕ್ಕೆ. ಅವಸರದಲ್ಲಿರುವವರು ಮೊದಲು ಸಿಕ್ಕ ಜಾಗದಲ್ಲೇ ನಿಲ್ಲಿಸುತ್ತಾರೆ. ಹೊಂದಿಸಿದ ಬಿಂದುವಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಅಲ್ಲಿಂದ ದೂರ ಹೋದಂತೆ ಏರಿಯಲ್ ಸರ್ಕ್ಯೂಟ್ ಒಂದು ದಾರಿ, ಆಸಿಲೇಟರ್ ಇನ್ನೊಂದು ದಾರಿ.

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಡಯಲನ್ನು 18ರಲ್ಲೇ ಬಿಟ್ಟು ಜನರೇಟರನ್ನು ಆಚೀಚೆ ಆಡಿಸಿದೆ. ಆಸಿಲೇಟರ್ ಸರಿಯಾದ ಬದಿಯಲ್ಲಿದ್ದರೆ 455ರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಮೇಲೆ, 18.91ರಲ್ಲಿ ಪ್ರತಿಬಿಂಬ ಕೇಳಬೇಕು. ಅಲ್ಲಿ ಏನೂ ಇರಲಿಲ್ಲ. 17.09ರಲ್ಲಿ ಸ್ಪಷ್ಟವಾಗಿ ಕೇಳಿತು. ಚಾಸಿಸ್ಸಿನ ಕೆಳಗೆ ದೀಪ ಹಿಡಿದು ನೋಡಿದರೆ ಆ ಒಂದು ಟ್ರಿಮ್ಮರಿನ ಮೇಲಿನ ಕಾರ್ಖಾನೆಯ ಬಣ್ಣದ ಮುದ್ರೆ ಒಡೆದಿತ್ತು, ಸ್ಕ್ರೂ ತಲೆಯ ಮೇಲೆ ಹೊಸ ಗೀರು. ಮೂಕವಾಗಿದ್ದ ಕೆಳತುದಿಯನ್ನು ಎಬ್ಬಿಸಲೆಂದು ಯಾರೋ ಕೈಗೆ ಸಿಕ್ಕ ಸ್ಕ್ರೂ ತಿರುಗಿಸಿದ್ದರು.

ಪರಿಹಾರ ಸರಳ. ಆಸಿಲೇಟರ್ ಟ್ರಿಮ್ಮರನ್ನು ಸಡಿಲಿಸುತ್ತ ಹೋಗಿ, ಕೆಪಾಸಿಟಿ ಕಡಿಮೆಯಿರುವ ಎರಡನೆಯ ಜಾಗದಲ್ಲಿ ನಿಲ್ಲಿಸಿದೆ. ಪ್ರತಿಬಿಂಬ 18.91ಕ್ಕೆ ಹೋಯಿತು. ಬಳಿಕ ಏರಿಯಲ್ ಟ್ರಿಮ್ಮರ್, ಕೆಳತುದಿಯಲ್ಲಿ ಕಾಯಿಲಿನ ಕೋರ್, ಮತ್ತೆ ಮೇಲ್ತುದಿ, ಹೀಗೆ ಎರಡು ತುದಿಗಳೂ ಒಪ್ಪುವವರೆಗೆ ಓಡಾಡಿದೆ. ಐ.ಎಫ್. ಡಬ್ಬಿಗಳ ಮೇಣದ ಮುದ್ರೆ ಒಡೆದಿರಲಿಲ್ಲ. ಜನರೇಟರಿನಿಂದ ನೋಡಿದಾಗ ಅವುಗಳ ಶಿಖರ 454ರಲ್ಲಿ ಕೂತಿತ್ತು. ಒಂದು ಕಿಲೋಹರ್ಟ್ಸಿಗಾಗಿ ಅರವತ್ತು ವರ್ಷದ ಕೋರ್ ಒಡೆಯುವ ಸಾಹಸ ಬೇಡವೆಂದು ಬಿಟ್ಟೆ.

ಜನರೇಟರನ್ನು ನಂಬಿದ ಮೇಲೂ ಆಕಾಶದಿಂದ ಒಂದು ಸಾಕ್ಷಿ ಬೇಕು. ಚೀನಾದ ಬಿಪಿಎಂ ಎಂಬ ಸಮಯ ಸಂಕೇತದ ಕೇಂದ್ರ 10 ಮೆಗಾಹರ್ಟ್ಸಿನಲ್ಲಿ ಸೆಕೆಂಡು ಸೆಕೆಂಡಿಗೂ ಟಿಕ್ ಎನ್ನುತ್ತದೆ, ಬೆಂಗಳೂರಿನಲ್ಲಿ ಸಂಜೆಯ ಮೇಲೆ ಚೆನ್ನಾಗಿ ಸಿಗುತ್ತದೆ. ಅದು ಡಯಲ್ಲಿನ 10ರ ಗೆರೆಯ ಮೇಲೆಯೇ ಬಂತು, ಇನ್ನೆಲ್ಲೂ ಬರಲಿಲ್ಲ.

ಸ್ಪೀಕರಿನ ಹರಿದ ಕಾಗದಕ್ಕೆ ತೆಳುವಾದ ಟಿಶ್ಯೂ ಮತ್ತು ನೀರು ಬೆರೆಸಿದ ಫೆವಿಕಾಲ್, ಡಯಲ್ಲಿಗೆ ಹೊಸ ದಾರ, ಪೆಟ್ಟಿಗೆಗೆ ಅರಗಿನ ಪಾಲಿಶ್. ಅಷ್ಟು ಸಾಕಿತ್ತು.

ಊರಿನ ಗದ್ದಲ

ಮೇಜಿನ ಮೇಲೆ ಚೆನ್ನಾಗಿದ್ದ ಸೆಟ್ಟನ್ನು ಹನುಮಂತನಗರಕ್ಕೆ ಒಯ್ದು ಇಟ್ಟರೆ ಶಾರ್ಟ್‌ವೇವ್ ತುಂಬ ಒಂದೇ ಗೊರಗೊರ. ರಾಯರ ಮುಖ ಬಾಡಿತು. ಅವರ ಮನೆಯವರು, "ಮೊದಲಿಗಿಂತ ಸದ್ದು ಜಾಸ್ತಿಯಾಯಿತಲ್ಲ" ಎಂದರು. ಅವರ ಮಾತು ನಿಜ. ಕಿವುಡಾಗಿದ್ದ ಸೆಟ್ಟಿಗೆ ಕಿವಿ ಬಂದ ಮೇಲೆ ಊರಿನ ಗದ್ದಲವೂ ಕೇಳಲೇಬೇಕು. ಈ ಸೆಟ್ಟು ತಯಾರಾದಾಗ ಮನೆಯಲ್ಲಿದ್ದದ್ದು ಬಲ್ಬು, ಫ್ಯಾನು, ಹೆಚ್ಚೆಂದರೆ ಇಸ್ತ್ರಿ ಪೆಟ್ಟಿಗೆ. ಈಗ ಪ್ರತಿ ಎಲ್ಇಡಿ ದೀಪ, ಚಾರ್ಜರ್, ಸೆಟ್‌ಟಾಪ್ ಪೆಟ್ಟಿಗೆ, ವೈಫೈ ಅಡಾಪ್ಟರುಗಳ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವ ಸ್ವಿಚಿಂಗ್ ಸಪ್ಲೈ ಇದೆ. ಅವುಗಳ ಕಸವೆಲ್ಲ ಶಾರ್ಟ್‌ವೇವ್‌ನಲ್ಲೇ ಹರಡುತ್ತದೆ, ಮನೆಯ ವೈರಿಂಗೇ ಅದಕ್ಕೆ ಏರಿಯಲ್ಲಾಗುತ್ತದೆ.

ಗದ್ದಲದ ಮೂಲ ಹುಡುಕಲು ವಾಲ್ವ್ ಸೆಟ್ಟು ಉಪಯೋಗವಿಲ್ಲ, ಅದಕ್ಕೆ ಮೇನ್ಸ್ ಬೇಕು. ಬ್ಯಾಟರಿಯ ಸಣ್ಣ ಶಾರ್ಟ್‌ವೇವ್ ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿದೆವು. ರಾಯರು ಒಂದೊಂದೇ ಸ್ವಿಚ್ ಆರಿಸುತ್ತ ಹೋದರು, ನಾನು ಕೇಳುತ್ತ ಹೋದೆ. ದೊಡ್ಡ ಅಪರಾಧಿಗಳು ಎರಡು ಸಿಕ್ಕವು: ಮೆಟ್ಟಿಲಿನ ಎಲ್ಇಡಿ ದೀಪ ಮತ್ತು ಟಿವಿಯ ಹಿಂದೆ ಸದಾ ಚಾಲೂ ಇರುವ ಒಂದು ಅಡಾಪ್ಟರ್. ದೀಪವನ್ನು ಬದಲಾಯಿಸಿ, ಅಡಾಪ್ಟರಿನ ವೈರನ್ನು ಫೆರೈಟ್ ಉಂಗುರದಲ್ಲಿ ಹಲವು ಸುತ್ತು ಹಾಯಿಸಿದ ಮೇಲೆ ಅರ್ಧ ಗದ್ದಲ ಇಳಿಯಿತು. ಒಮ್ಮೆ ಬೀದಿಗೆಲ್ಲ ಕರೆಂಟ್ ಹೋದಾಗ ಕೈಯಲ್ಲಿದ್ದ ಟ್ರಾನ್ಸಿಸ್ಟರಿನಲ್ಲಿ 31 ಮೀಟರ್ ಬ್ಯಾಂಡ್ ಹಠಾತ್ತನೆ ತಿಳಿಯಾಗಿ, ಮುಚ್ಚಿಹೋಗಿದ್ದ ಸ್ಟೇಷನ್‌ಗಳು ಸಾಲಾಗಿ ಎದ್ದು ನಿಂತವು. ಉಳಿದರ್ಧ ಗದ್ದಲ ನೆರೆಹೊರೆಯದು ಎಂದು ಅದರಿಂದ ತಿಳಿಯಿತು.

ನೆರೆಯವರ ಮನೆಯ ದೀಪ ಆರಿಸಲಾಗುವುದಿಲ್ಲ. ಅದಕ್ಕೆ ಉಪಾಯ ಏರಿಯಲ್ಲಿನಲ್ಲಿದೆ. ಮೊದಲು ಏರಿಯಲ್ ಎಂದರೆ ಸೆಟ್ಟಿನಿಂದ ಕಿಟಕಿಗೆ ಎಳೆದ ಒಂದು ತುಂಡು ವೈರು, ಅಂದರೆ ಗದ್ದಲದ ನಡುವೆಯೇ. ತಾರಸಿಯ ಮೇಲೆ ಬೆಸ್ಕಾಂ ತಂತಿಗಳಿಂದ ದೂರದ ಬದಿಯಲ್ಲಿ ಸುಮಾರು ಹತ್ತು ಮೀಟರ್ ತಾಮ್ರದ ತಂತಿ ಕಟ್ಟಿದೆವು. ಅದರ ತುದಿಯಲ್ಲಿ ಫೆರೈಟ್ ಉಂಗುರದ ಮೇಲೆ ಎರಡು ಬೇರೆ ಬೇರೆ ಸುರುಳಿ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಸೆಟ್ಟಿನವರೆಗೆ ಕೋಆಕ್ಸಿಯಲ್ ಕೇಬಲ್. ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವಿಲ್ಲದ್ದರಿಂದ ಕೇಬಲ್ಲಿನ ಹೊರಮೈಯಲ್ಲಿ ಹತ್ತಿ ಬರುವ ಮನೆಯ ಗದ್ದಲ ಏರಿಯಲ್ಲಿಗೆ ದಾಟುವುದಿಲ್ಲ. ಏರಿಯಲ್ಲಿನ ಬದಿಗೆ ಅಂಗಳದಲ್ಲಿ ಪ್ರತ್ಯೇಕ ಅರ್ತ್ ಕಡ್ಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ತಾರಸಿ ಸಿಗದಿದ್ದರೆ, ಬಾಲ್ಕನಿಯಲ್ಲಿ ಒಂದು ಮೀಟರ್ ಅಗಲದ ತಂತಿಯ ಬಳೆಯನ್ನು ತಿರುಗಿಸಿ ಗದ್ದಲ ಕಡಿಮೆಯಾಗುವ ದಿಕ್ಕು ಹುಡುಕುವುದು ನಾನು ಕಂಡಂತೆ ಅತ್ಯುತ್ತಮ ದಾರಿ.

ಮುಂಗಾರು ಪೂರ್ವದ ಗುಡುಗು ಸಿಡಿಲಿನ ದಿನಗಳಲ್ಲಿ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ, ಮೋಡ ಕಟ್ಟಿದ ಕೂಡಲೇ ಕೇಬಲನ್ನು ಸೆಟ್ಟಿನಿಂದ ತೆಗೆದು ಹೊರಗಿಡಬೇಕು. ಇದನ್ನು ರಾಯರ ಸೊಸೆಗೂ ಹೇಳಿಕೊಟ್ಟೆ, ಆ ಹೊತ್ತಿನಲ್ಲಿ ಮನೆಯಲ್ಲಿ ಹೆಚ್ಚಾಗಿ ಇರುವವರು ಅವರೇ.

ಈಗ ಏನು ಕೇಳುತ್ತದೆ

ರಾಯರ ತಂದೆ ಕೇಳುತ್ತಿದ್ದದ್ದು ಈಗ ಸಿಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ರೇಡಿಯೊ ಆಸ್ಟ್ರೇಲಿಯಾ 2017ರ ಜನವರಿ 31ರಂದು ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ಮುಗಿಯಿತು. ಇದನ್ನು ಮುಚ್ಚಿಟ್ಟು ಸೆಟ್ಟು ದುರಸ್ತಿ ಮಾಡಿಕೊಡುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಬ್ಯಾಂಡ್ ಖಾಲಿಯಾಗಿಲ್ಲ. ಸಂಜೆ ಏಳರ ನಂತರ 41 ಮತ್ತು 31 ಮೀಟರಿನಲ್ಲಿ ಚೀನಾ ರೇಡಿಯೊ ಇಂಟರ್‌ನ್ಯಾಷನಲ್ ಹಲವು ಕಡೆ ಕೂತಿರುತ್ತದೆ. ಅರಬ್ಬಿ ಭಾಷೆಯ ಸ್ಟೇಷನ್‌ಗಳು ಬರುತ್ತವೆ, ಅವುಗಳ ಸಂಗೀತ ವಾಲ್ವ್ ಸೆಟ್ಟಿನ ದೊಡ್ಡ ಸ್ಪೀಕರಿನಲ್ಲಿ ಕೇಳಲು ಬಹಳ ಚೆನ್ನ. ಹಗಲಿನಲ್ಲಿ ವಾತಾವರಣದ ಡಿ ಪದರ ಕೆಳಗಿನ ಬ್ಯಾಂಡುಗಳನ್ನು ಹೀರಿಬಿಡುವುದರಿಂದ 19 ಮತ್ತು 16 ಮೀಟರಿಗೆ ಹೋಗಬೇಕು (ಮೀಟರ್ ಕಡಿಮೆಯಾದಷ್ಟೂ ಮೆಗಾಹರ್ಟ್ಸ್ ಹೆಚ್ಚು). ಕತ್ತಲಾಗಿ ಆ ಪದರ ಕರಗಿದ ಮೇಲೆ ಕೆಳಗೆ ಬರಬೇಕು. ಒಂದು ಕಾಗದದಲ್ಲಿ ಹೊತ್ತಿಗೊಂದು ಬ್ಯಾಂಡಿನಂತೆ ಬರೆದು ಕೊಟ್ಟಿದ್ದೇನೆ, ರಾಯರು ಅದನ್ನು ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದ್ದಾರೆ.

ಅವರಿಗೆ ಹೆಚ್ಚು ಹಿಡಿಸಿದ್ದು ನಾನು ನಿರೀಕ್ಷಿಸದ ಒಂದು ವಿಷಯ. 7 ಮೆಗಾಹರ್ಟ್ಸಿನ ಮೇಲೆ, ಡಯಲ್ಲಿನ ಕೆಳ ಅಂಚಿನಲ್ಲಿ, ಬೆಳಗಿನ ಹೊತ್ತು ಹವ್ಯಾಸಿ ರೇಡಿಯೊದವರು ಮಾತನಾಡುತ್ತಾರೆ. ಅದು ಸಿಂಗಲ್ ಸೈಡ್‌ಬ್ಯಾಂಡ್ ಪ್ರಸಾರ, ಈ ಸೆಟ್ಟಿನಲ್ಲಿ ಅರ್ಥವಾಗದ ಗೊಣಗಾಟವಾಗಿ ಕೇಳುತ್ತದೆ. ಜನರೇಟರನ್ನು 455 ಕಿಲೋಹರ್ಟ್ಸಿಗೆ ಹೊಂದಿಸಿ ಅದರ ತಂತಿಯನ್ನು ಸೆಟ್ಟಿನ ಹತ್ತಿರ ಹಿಡಿದು ನಿಧಾನವಾಗಿ ಸರಿಹೊಂದಿಸಿದಾಗ ಗೊಣಗಾಟ ಮನುಷ್ಯರ ಮಾತಾಯಿತು. ಪ್ರಸಾರದಲ್ಲಿ ಇಲ್ಲದ ವಾಹಕ ತರಂಗವನ್ನು ನಾವು ಇಲ್ಲಿಂದ ಸೇರಿಸಿದೆವು, ಅಷ್ಟೇ. ರಾಯರು ಅದನ್ನೇ ಪದೇ ಪದೇ ಮಾಡಿಸಿದರು. ಕೊನೆಗೆ ಪುಟ್ಟ ಡಬ್ಬಿಯಲ್ಲಿ ಅಂಥದೊಂದು 455ರ ಆಸಿಲೇಟರ್ ಕಟ್ಟಿಕೊಟ್ಟೆ, ಸೆಟ್ಟಿಗೆ ಬೆಸುಗೆ ಹಾಕದೆ ಪಕ್ಕದಲ್ಲಿ ಇಟ್ಟರೆ ಸಾಕು.

ಸೆಟ್ಟಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಕಂಡೆನ್ಸರ್, ಯಾವ ರೆಸಿಸ್ಟರ್ ಬದಲಾಯಿತು, ಪ್ರತಿ ವಾಲ್ವಿನ ಪಿನ್ನುಗಳಲ್ಲಿ ಎಷ್ಟು ವೋಲ್ಟ್ ಇರಬೇಕು, ರೆಕ್ಟಿಫೈಯರಿನ ಮುಂದೆ 50 ಮೈಕ್ರೊಫ್ಯಾರಡ್‌ಗಿಂತ ಹೆಚ್ಚು ಹಾಕಬಾರದು, ಐ.ಎಫ್. ಡಬ್ಬಿಗಳನ್ನು ಮುಟ್ಟಿಲ್ಲ ಎಂಬುದೆಲ್ಲ ಅದರಲ್ಲಿದೆ. ಹಸಿರು ಕಣ್ಣು ಮಂಕಾಗಿದೆ, ಹೊಸದಕ್ಕೆ ಕೇಳುವ ಬೆಲೆ ನೋಡಿ ರಾಯರು ಹಾಗೇ ಇರಲಿ ಎಂದರು. ಸೆಟ್ಟಿನ ಮೇಲೆ ಹಾಸಿದ್ದ ಕಸೂತಿ ಬಟ್ಟೆಯನ್ನು ಮಾತ್ರ ತೆಗೆಸಿದೆ, ಹಿಂದಿನ ಗಾಳಿಕಿಂಡಿಗಳಿಗೆ ಹುಳು ಹೋಗದಂತೆ ತೆಳುವಾದ ಜಾಲರಿ ಹಾಕಿದೆ. ಸ್ವಿಚ್ ಹಾಕಿ ಇಪ್ಪತ್ತು ನಿಮಿಷ ಸೆಟ್ಟು ಬಿಸಿಯಾಗುವವರೆಗೆ ಶಾರ್ಟ್‌ವೇವ್ ಸ್ಟೇಷನ್ ಸ್ವಲ್ಪ ಸ್ವಲ್ಪ ಜಾರುತ್ತದೆ, ಅದು ಈ ಸೆಟ್ಟುಗಳ ಸ್ವಭಾವ, ರಿಪೇರಿಗೆ ಕರೆಯಬೇಕಾಗಿಲ್ಲ ಎಂದೂ ಬರೆದಿದ್ದೇನೆ.

ಮಳೆಗಾಲ ಮುಗಿದ ಮೇಲೆ ರಾಯರು ಫೋನ್ ಮಾಡಿ, ಗಾಳಿ ಬೀಸಿದಾಗಲೆಲ್ಲ ಚರಚರ ಸದ್ದು ಬರುತ್ತಿದೆ ಎಂದರು. ಹೋಗಿ ನೋಡಿದರೆ ಸೆಟ್ಟಿನಲ್ಲಿ ಏನೂ ಕೆಟ್ಟಿರಲಿಲ್ಲ, ಇಎಲ್ 84ರ ಕ್ಯಾಥೋಡಿನಲ್ಲಿ ಅದೇ 6.8 ವೋಲ್ಟ್. ತಾರಸಿಯ ಮೇಲೆ ತಂತಿಯನ್ನು ಟ್ರಾನ್ಸ್‌ಫಾರ್ಮರಿಗೆ ತಿರುಚಿ ಜೋಡಿಸಿದ್ದ ಜಾಗ ಹಸಿರುಗಟ್ಟಿತ್ತು. ಕೆರೆದು ಬೆಸುಗೆ ಹಾಕಿ, ಮೇಲೆ ಸಿಲಿಕೋನ್ ಅಂಟು ಬಳಿದು ಬಂದೆ.